ಹುಲ್ಲುಹೊರೆಗೆ ನಿಂತ ಸಿಗ್ನಲ್

ಪಿರಿಯಾಪಟ್ಟಣದಲ್ಲಿ ಗೆಳತಿಯ ಮಗಳ ಮದುವೆ ಊಟ ಮುಗಿಸಿ ಮೈಸೂರಿನ ಬಸ್ಸು ಹತ್ತಿದ್ದೆ. ಹೊಟ್ಟೆ ತುಂಬಿತ್ತು, ಮನಸ್ಸಿಗೆ ಬೇಜಾರಾಗಿತ್ತು. ಮದುವೆಮನೆಯಲ್ಲಿ ಒಂಟಿ ಹೆಂಗಸಿಗೆ ಎಲ್ಲರೂ ಕರೆಕರೆದು ಬಡಿಸುತ್ತಾರೆ, ಪಕ್ಕದಲ್ಲಿ ಮಾತ್ರ ಯಾರೂ ಕೂರುವುದಿಲ್ಲ. ಹುಣಸೂರು ಇನ್ನೇನು ಬಂತು ಅನ್ನುವಾಗ ಬಸ್ಸು ಸಿಗ್ನಲ್ಲಿಗೆ ನಿಂತಿತು. ಅಡ್ಡರಸ್ತೆಯಲ್ಲಿ ನರಪಿಳ್ಳೆಯೂ ಕಾಣಲಿಲ್ಲ.

"ಯಾವ್ ಗಾಡೀನೂ ಇಲ್ವಲ್ಲ ಸಾ, ಯಾಕ್ ನಿಲ್ಸುದ್ರಿ?" ಎಂದು ಹಿಂದಿನ ಸೀಟಿನವನೊಬ್ಬ ಕೂಗಿದ.

"ಕೆಂಪದೆ ಕಣಪ್ಪ. ಉಲ್ಲಿನ ಹೊರೆ ಬತ್ತಾ ಇರ್ಬೇಕು, ತಡಿ. ಈ ಸಿಗ್ನಲ್ಲು ಬಸ್ಸಿಗ್ ಮರ್ಯಾದೆ ಕೊಡಾಕಿಲ್ಲ, ಹೊರೆಗ್ ಕೊಡ್ತದೆ," ಎಂದ ಡ್ರೈವರ್.

ಅಷ್ಟರಲ್ಲಿ ಕಿಟಕಿಯಿಂದ ವಾಸನೆ ಬಂತು. ಮಳೆಯಲ್ಲಿ ನೆಂದು, ಆಗಷ್ಟೇ ಕೊಯ್ದ ಬದುವಿನ ಹುಲ್ಲಿನ ವಾಸನೆ. ಅದರ ಹಿಂದೆಯೇ ಎಲ್ಲೋ ಹೊಗೆಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ ಮನೆಯ ಘಾಟು. ನನ್ನ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಬಸ್ಸಿನ ಮುಂದೆ ಒಂದು ಹಸಿರು ಗುಡ್ಡೆ ನಡೆದು ಹೋಯಿತು. ಅದರ ಕೆಳಗೆ ಎರಡು ಕಾಲು, ಎತ್ತಿ ಕಟ್ಟಿದ ಸೀರೆ, ಅಷ್ಟೇ.

ಆ ಸಿಗ್ನಲ್ಲು ನನಗೆ ಗೊತ್ತು. ಅದಕ್ಕೆ ಹುಲ್ಲುಹೊರೆಯ ಗುರುತು ಹೇಳಿಕೊಟ್ಟವಳೇ ನಾನು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ಆ ಸರ್ಕಲ್ಲಿನ ಗೊಬ್ಬರದಂಗಡಿಯ ಮಹಡಿಯಲ್ಲಿ ಕೂತು ನಾನು ಮಾಡಿದ ಕೆಲಸ ಅದೊಂದೇ.

ಆ ವರ್ಷದ ಬೇಸಿಗೆಯಲ್ಲಿ ನನ್ನ ಮದುವೆ ಕಾಗದದ ಮೇಲೂ ಮುಗಿದಿತ್ತು. ಮೈಸೂರಿನಲ್ಲಿ ತರಕಾರಿ ತರಲು ಹೋದರೂ ಯಾರಾದರೊಬ್ಬರು "ಯಜಮಾನರು ಹೇಗಿದ್ದಾರೆ?" ಎನ್ನುತ್ತಿದ್ದರು. ಗೊತ್ತಿಲ್ಲದೆ ಕೇಳುವವರ ಮೇಲೆ ಸಿಟ್ಟು ಬರುತ್ತಿತ್ತು, ಗೊತ್ತಿದ್ದೂ ಕೇಳುವವರನ್ನು ಕಂಡರೆ ಹೊಡೆಯಬೇಕು ಅನ್ನಿಸುತ್ತಿತ್ತು. ನಾನು ಮೊದಲೇ ಸಿಡುಕಿ. ಹುಣಸೂರಿನಲ್ಲಿ ಹೊಸ ಥರದ ಸಿಗ್ನಲ್ ಹಾಕುತ್ತಿದ್ದಾರೆ, ಕೆಲವು ತಿಂಗಳು ಅಲ್ಲೇ ಇದ್ದು ನೋಡಿಕೊಳ್ಳುವವರು ಬೇಕು ಎಂದು ನಾನಿದ್ದ ಕಂಪನಿಯವರು ಕೇಳಿದಾಗ ಯಾರೂ ಒಪ್ಪಲಿಲ್ಲ. ನಾನು ಕೈ ಎತ್ತಿದೆ. ನನ್ನನ್ನು ಯಾರೂ ಗುರುತು ಹಿಡಿಯದ ಒಂದು ಊರು ಸಿಕ್ಕಿದರೆ ಸಾಕಾಗಿತ್ತು.

ಸಿಕ್ಕಿತು. ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಟೀವಿ ಪರದೆಗಳು, ಹಿಂದಿನದರಲ್ಲಿ ನನ್ನ ಚಾಪೆ ಮತ್ತು ಸ್ಟೌವ್. ಕೆಳಗೆ ಕಂಬಗಳ ಮೇಲೆ ಕ್ಯಾಮೆರಾಗಳು. ಯಾವ ರಸ್ತೆಯಲ್ಲಿ ಎಷ್ಟು ಗಾಡಿ ನಿಂತಿವೆ ಎಂದು ಕ್ಯಾಮೆರಾ ನೋಡುತ್ತದೆ, ಜಾಸ್ತಿ ಇದ್ದ ಕಡೆಗೆ ಸಿಗ್ನಲ್ಲು ತಾನೇ ಹಸಿರು ಕೊಡುತ್ತದೆ. ದಾಟುವ ಪಟ್ಟೆಯ ಹತ್ತಿರ ಮನುಷ್ಯರು ಬಂದು ನಿಂತರೆ ಎಲ್ಲ ಗಾಡಿಗಳನ್ನೂ ನಿಲ್ಲಿಸುತ್ತದೆ. ಪೋಲೀಸು ಬೇಡ, ಪೀಪಿ ಬೇಡ. ಕೇಳಲು ಚೆನ್ನಾಗಿತ್ತು. ಆದರೆ ಅದು ಓದಿಕೊಂಡು ಬಂದಿದ್ದು ಯಾವುದೋ ದೇಶದ ರಸ್ತೆಗಳನ್ನು. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಕಂಡರೆ ಕಟ್ಟಡ ಎನ್ನುತ್ತಿತ್ತು. ಕುರಿಮಂದೆ ಬಂದರೆ ರಸ್ತೆ ಖಾಲಿ ಇದೆ ಎಂದು ಹಸಿರು ಕೊಟ್ಟುಬಿಡುತ್ತಿತ್ತು. ಅದು ತಪ್ಪಿದಲ್ಲೆಲ್ಲ ಚಿತ್ರ ನಿಲ್ಲಿಸಿ, ಸುತ್ತ ಒಂದು ಚೌಕ ಎಳೆದು, ಇದು ಎತ್ತಿನಗಾಡಿ, ಇದು ಕುರಿ ಎಂದು ಹೆಸರು ಬರೆದು ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ಅಲ್ಲಿಯವರು ಅದನ್ನೆಲ್ಲ ಸೇರಿಸಿ ಹೊಸ ಪಾಠ ಮಾಡಿ ಕಳಿಸುತ್ತಿದ್ದರು. ಅಂಗನವಾಡಿ ಟೀಚರಿನ ಕೆಲಸ ಅಂದುಕೊಳ್ಳಿ, ಮಕ್ಕಳ ಗಲಾಟೆಯೊಂದಿಲ್ಲ.

ಗಲಾಟೆ ಇಲ್ಲದ್ದೇ ಕಷ್ಟವಾಗತೊಡಗಿತು. ಆಷಾಢದ ಗಾಳಿ ತಗಡಿನ ಮೇಲೆ ಬಡಿಯುತ್ತಿತ್ತು. ಮಳೆ ಜೋರಾಗಿ ಬರುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಇಡೀ ದಿನ ಜನರನ್ನೇ ನೋಡುತ್ತಿದ್ದೆ, ಆದರೆ ಎಲ್ಲರನ್ನೂ ಮೇಲಿನಿಂದ, ಸದ್ದಿಲ್ಲದೆ. ಸ್ಕೂಟರಿನಲ್ಲಿ ಗಂಡನ ಬೆನ್ನಿಗೆ ಒರಗಿ ನಿದ್ದೆ ಹೋದ ಹೆಂಗಸು, ಬಸ್ಸಿಗೆ ಓಡುವ ಕಾಲೇಜು ಹುಡುಗಿಯರು, ಜಗಳ ಆಡಿಕೊಂಡು ದಾಟುವ ಮುದುಕರು. ಅವರಿಗೆ ನಾನಿರುವುದು ಗೊತ್ತಿಲ್ಲ. ದಿನಕ್ಕೊಮ್ಮೆ ಬೆಂಗಳೂರಿನ ಇಂಜಿನಿಯರ್ ಫೋನು ಮಾಡುತ್ತಿದ್ದ, ಅದೂ ಚಿತ್ರಗಳ ವಿಷಯಕ್ಕೆ. ಕೆಲವು ದಿನ ಸಂಜೆ ಹೊತ್ತಿಗೆ ನನ್ನ ಗಂಟಲು ಕಟ್ಟಿಕೊಂಡಿರುತ್ತಿತ್ತು, ಬಳಸದೇ ಇದ್ದುದರಿಂದ. ಬೇಕೆಂದು ಕೇಳಿ ಪಡೆದ ಒಂಟಿತನ ಅದು, ದೂರಲು ಯಾರೂ ಇರಲಿಲ್ಲ.

ಹಾಗಿದ್ದಾಗ ಒಂದು ಸಂಜೆ ಕಾಲು ಆಡಿಸಿಕೊಂಡು ಬರೋಣ ಎಂದು ರಸ್ತೆಯಾಚೆ ಹೊಲಗಳ ಕಡೆ ಹೋಗಿದ್ದೆ. "ಏ ಅವ್ವ, ವಸಿ ಹೊರೆ ಎತ್ಸು ಬಾ," ಎಂದು ಯಾರೋ ಕೂಗಿದರು. ಯಾರನ್ನು ಕರೆಯುತ್ತಿದ್ದಾರೆ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ.

"ನಿನ್ನೇ ಕಣವ್ವ! ಇಲ್ಲಿ ಇನ್ಯಾರವ್ರೆ?"

ಬದುವಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಸಿಂಬೆ, ಸೊಂಟದಲ್ಲಿ ಕುಡುಗೋಲು, ಕಾಲ ಹತ್ತಿರ ತನಗಿಂತ ದಪ್ಪದ ಹುಲ್ಲಿನ ಹೊರೆ. ನಾನು ಹಗ್ಗ ಹಿಡಿದು ಎಳೆದೆ. "ಅಂಗಲ್ಲ ಕಣವ್ವ, ಹಗ್ಗ ಬುಡು, ತಳುಕ್ ಕೈ ಹಾಕು. ಊಟ ಮಾಡಿಲ್ವಾ ನೀನು?" ಎಂದು ಗದರಿದಳು. ಇಬ್ಬರೂ ಸೇರಿ ಎತ್ತಿದೆವು. ಹುಲ್ಲಿನ ನೀರೆಲ್ಲ ನನ್ನ ತೋಳಿನೊಳಕ್ಕೆ ಇಳಿಯಿತು. ಹೊರೆ ತಲೆಗೆ ಕೂತದ್ದೇ ಅವಳು ಹೊರಟಳು, ಒಂದು ಮಾತೂ ಆಡಲಿಲ್ಲ, ತಿರುಗಿಯೂ ನೋಡಲಿಲ್ಲ. ಕೋಣೆಗೆ ಬಂದು ಕೈ ಮೂಸಿದೆ. ಅಳು ಬಂತು. ತಿಂಗಳುಗಳ ಮೇಲೆ ಯಾರೋ ನನ್ನನ್ನು ಒಂದು ಕೆಲಸಕ್ಕೆ ಕರೆದಿದ್ದರು.

ಅವಳ ಹೆಸರು ಸಾಕಮ್ಮ. ಮನೆ ರಸ್ತೆಯ ಈಚೆ, ಹೊಲದ ತುಂಡು ಆಚೆ. ಗಂಡ ಇಲ್ಲ, ಮಗಳನ್ನು ಅಂತರಸಂತೆಯ ಕಡೆ ಕೊಟ್ಟಿದ್ದಳು. ಒಂದು ಸೀಮೆಹಸು, ಅದರ ಹಾಲು ಡೈರಿಗೆ, ಅದರ ಮೇಲೆ ಜೀವನ. ಹಸುವಿಗೆ ದಿನಾ ಒಂದು ಹೊರೆ ಹುಲ್ಲು ರಸ್ತೆ ದಾಟಲೇಬೇಕು. ಇದನ್ನೆಲ್ಲ ಅವಳು ಹೇಳಿದ್ದು ಹೊರೆ ಎತ್ತುವ ಮೊದಲು ಬದುವಿನ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಳ್ಳುವಾಗ. ಆಮೇಲೆ ನಾನು ದಿನವೂ ಆ ಹೊತ್ತಿಗೆ ಅತ್ತ ಹೋಗತೊಡಗಿದೆ. ಹೊರೆ ಎತ್ತಿಸುವುದು ಅಲ್ಲಿ ಒಂದು ಕಟ್ಟಳೆ ಎಂದು ಆಗ ತಿಳಿಯಿತು. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಕರೆದರೆ ನಿಂತು ಕೈ ಕೊಡಬೇಕು. ಬೈಕಿನವನು ಬೈಕು ನಿಲ್ಲಿಸಿ ಇಳಿಯುತ್ತಾನೆ, ಇಸ್ತ್ರಿ ಬಟ್ಟೆಯ ಮೇಷ್ಟರೂ ಕೈ ಹಾಕುತ್ತಾರೆ. ಹೊರೆ ಹೊತ್ತವರನ್ನು ಮಾತ್ರ ಯಾರೂ ಮಾತಿಗೆ ನಿಲ್ಲಿಸಬಾರದು. ಹೊತ್ತವರೂ ನಡುದಾರಿಯಲ್ಲಿ ಇಳಿಸುವುದಿಲ್ಲ, ಇಳಿಸಿದರೆ ಮತ್ತೆ ಎತ್ತಿಸುವವರು ಬೇಕಲ್ಲ.

ಸರ್ಕಲ್ಲಿನಲ್ಲಿದ್ದ ಹೋಂಗಾರ್ಡ್ ಶಿವಣ್ಣನಿಗೂ ಈ ಕಟ್ಟಳೆ ಗೊತ್ತಿತ್ತು. ದೊಡ್ಡ ಹೊಟ್ಟೆಯ, ದೊಡ್ಡ ಬಾಯಿಯ ಮನುಷ್ಯ. ಹೊರೆ ಕಂಡರೆ ಪೀಪಿ ಊದಿ, ಬಸ್ಸೋ ಕಾರೋ ನೋಡದೆ ಎಲ್ಲಕ್ಕೂ ಅಡ್ಡ ಕೈ ಹಿಡಿಯುತ್ತಿದ್ದ. ಗೌರಿಹಬ್ಬ ಕಳೆದ ಮೇಲೆ ಸಿಗ್ನಲ್ಲನ್ನು ಪೂರ್ತಿ ಅದರಷ್ಟಕ್ಕೇ ಬಿಡುವುದು, ಶಿವಣ್ಣನನ್ನು ಕೆ.ಆರ್. ನಗರಕ್ಕೆ ಕಳಿಸುವುದು ಎಂದು ಮೇಲಿನಿಂದ ಆರ್ಡರ್ ಆಯಿತು.

ಶಿವಣ್ಣ ಇಲ್ಲದ ಮೊದಲ ಸಂಜೆಯೇ ನನಗೆ ತೊಡಕು ಗೊತ್ತಾಯಿತು. ಸಾಕಮ್ಮ ಹೊರೆ ಹೊತ್ತು ದಾಟುವ ಪಟ್ಟೆಯ ಹತ್ತಿರ ಬಂದು ನಿಂತಳು. ಕ್ಯಾಮೆರಾ ಪಕ್ಕದಲ್ಲಿದ್ದ ನಾಯಿಯ ಸುತ್ತ ಚೌಕ ಎಳೆಯಿತು. ಸೈಕಲ್ಲಿನ ಸುತ್ತ ಎಳೆಯಿತು. ಸಾಕಮ್ಮನ ಸುತ್ತ ಎಳೆಯಲಿಲ್ಲ. ಮೇಲಿನಿಂದ ನೋಡಿದರೆ ಅವಳಿಗೆ ತಲೆ ಇಲ್ಲ, ತೋಳಿಲ್ಲ, ಬರೀ ಹಸಿರು. ಗಾಳಿಗೆ ಅಲ್ಲಾಡುವ ಗಿಡಗಂಟಿಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದರು. ಹಾಗಾಗಿ ಅವಳು ಅಲ್ಲಿ ಇರಲೇ ಇಲ್ಲ. ಗಾಡಿಗಳು ಹೋಗುತ್ತಲೇ ಇದ್ದವು. ಹೊರೆ ವಾಲಾಡುವುದು ನನಗೆ ಪರದೆಯಲ್ಲಿ ಕಾಣುತ್ತಿತ್ತು. ಪರೀಕ್ಷೆಯ ಕಾಲಕ್ಕೆಂದು ನನ್ನ ಮೇಜಿನ ಮೇಲೆ ಒಂದು ಗುಂಡಿ ಕೊಟ್ಟಿದ್ದರು, ಒತ್ತಿದರೆ ಎಲ್ಲ ಕಡೆ ಕೆಂಪು. ಒತ್ತಿದೆ. ಅವಳು ದಾಟಿದಳು.

ಆಮೇಲೆ ದಿನವೂ ಬದುವಿಗೆ ಹೋಗುವುದು ಬಿಟ್ಟು ಆ ಹೊತ್ತಿಗೆ ಗುಂಡಿಯ ಹತ್ತಿರ ಕೂರುವುದಾಯಿತು. ಒಂದು ಬೆಳಿಗ್ಗೆ ಡೈರಿಯ ಹತ್ತಿರ ಸಿಕ್ಕಿದ ಸಾಕಮ್ಮ, "ಶಿವಣ್ಣುಂಗಿಂತ ವಾಸಿ ಕಣವ್ವ ನಿನ್ ಸಿಗ್ನಲ್ಲು. ನನ್ ಕಂಡೇಟ್ಗೆ ನಿಂತ್ಕತದೆ," ಎಂದು ಹೊಗಳಿದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: ಅದಕ್ಕೆ ನಾಯಿ ಕಾಣುತ್ತದೆ, ನೀನು ಕಾಣುವುದಿಲ್ಲ, ಗುಂಡಿ ಒತ್ತುವುದು ನಾನು, ದೀಪಾವಳಿ ಆದಮೇಲೆ ನಾನೂ ಇರುವುದಿಲ್ಲ, ಗುಂಡಿಯೂ ಇರುವುದಿಲ್ಲ.

ಅವಳು ಹಾಲಿನ ಕ್ಯಾನು ಕೆಳಗಿಟ್ಟಳು. "ನಾಯಿ ಕಾಣ್ತದೆ ಅಂದೆ?"

"ಕಾಣ್ತದೆ."

"ನಾನ್ ಕಾಣಾಕಿಲ್ಲ."

"ಹೊರೆ ಇದ್ರೆ ಕಾಣಲ್ಲ ಸಾಕವ್ವ."

"ಹೊರೆ ಇಲ್ದೆ ನಾನ್ ಯಾವತ್ ಅಲ್ಲಿಗ್ ಬಂದಿವ್ನಿ?" ಎಂದಳು.

ಇಂಜಿನಿಯರಿಗೆ ಫೋನು ಮಾಡಿದೆ. ಹುಡುಗ ಒಳ್ಳೆಯವನೇ. ಹುಲ್ಲುಹೊರೆಯ ಚಿತ್ರ ನಾಲ್ಕಾರು ಇದ್ದರೆ ಸಾಲದು ಮೇಡಂ, ಬೇರೆ ಬೇರೆ ಹೊರೆ, ಬೇರೆ ಬೇರೆ ಜನ, ಬೇರೆ ಬೇರೆ ಬೆಳಕು, ರಾಶಿಗಟ್ಟಲೆ ಬೇಕು, ಇಲ್ಲದಿದ್ದರೆ ಬೇಲಿ ಅಲ್ಲಾಡಿದರೂ ಗಾಡಿ ನಿಲ್ಲಿಸುತ್ತದೆ ಎಂದ. ದಿನಕ್ಕೆ ದಾಟುವ ಹೊರೆ ಹೆಚ್ಚೆಂದರೆ ಮೂರೋ ನಾಲ್ಕೋ. ದೀಪಾವಳಿಯೊಳಗೆ ಅಷ್ಟು ಚಿತ್ರ ಎಲ್ಲಿಂದ ತರಲಿ? ಆಗಲಿ ಎಂದು ಫೋನು ಇಟ್ಟೆ.

ಅದೇ ವಾರ ನನಗೆ ಜ್ವರ ಬಂತು. ಒಂದು ಸಂಜೆ ಚಾಪೆಯ ಮೇಲೆ ಮಲಗಿದ್ದವಳಿಗೆ ಹೊತ್ತು ಗೊತ್ತಾಗಲಿಲ್ಲ. ಬ್ರೇಕಿನ ಸದ್ದು ಕೇಳಿತು, ಉದ್ದಕ್ಕೆ. ಕಿಟಕಿಗೆ ಓಡಿದೆ. ರಸ್ತೆಯ ನಡುವೆ ಬಸ್ಸು, ಬಸ್ಸಿನ ಮೂತಿಗೆ ತಾಗಿದಂತೆ ಹುಲ್ಲು ಚೆಲ್ಲಿತ್ತು. ಹುಲ್ಲಿನ ಕೆಳಗೆ ಯಾರೂ ಇರಲಿಲ್ಲ. ಸಾಕಮ್ಮ ರಸ್ತೆಯಂಚಿನಲ್ಲಿ ಕೂತು ಡ್ರೈವರನ್ನು ಬೈಯುತ್ತಿದ್ದಳು. ಬೈಗುಳ ಕೇಳಿ ನನಗೆ ಉಸಿರು ಬಂತು. ನಿಂತು ನಿಂತು ಕುತ್ತಿಗೆ ಸೋತು, ಹುಲ್ಲು ಕಣ್ಣಿಗೆ ಅಡ್ಡ ಇಳಿದು ಏನೂ ಕಾಣದೆ, ದಾಟಲು ಕಾಲಿಟ್ಟಿದ್ದಳಂತೆ. ಡ್ರೈವರನ ತಪ್ಪೇನಿರಲಿಲ್ಲ, ಅವನಿಗೆ ಹಸಿರು ಬಿದ್ದಿತ್ತು. ಅವನೂ ಬೈಯುತ್ತಲೇ ಇಳಿದು ಹುಲ್ಲು ಬಾಚಿಕೊಟ್ಟ. ಪ್ಯಾಸೆಂಜರುಗಳೂ ಇಳಿದು ಬಂದು ಹೊರೆ ಕಟ್ಟಿ ಎತ್ತಿಸಿದರು. ಬಸ್ಸು ಹೋಯಿತು, ಸಾಕಮ್ಮನೂ ಹೋದಳು. ಮಾರನೆಯ ದಿನದಿಂದ ಅವಳು ಹುಲ್ಲಿಗೆ ಬರಲಿಲ್ಲ.

ಜ್ವರ ಬಿಟ್ಟ ಮೇಲೆ ಅವಳ ಮನೆ ಹುಡುಕಿಕೊಂಡು ಹೋದೆ. ಹಸು ಕೊಟ್ಟಿಗೆಯಲ್ಲಿ ಒಣಹುಲ್ಲು ಮೂಸುತ್ತಾ ನಿಂತಿತ್ತು. "ಮಾರ್ಬುಡ್ತೀನಿ ಕಣವ್ವ," ಎಂದಳು. "ಭಾನ್ವಾರ ಕಳೀಲಿ ಅಂದಿವ್ನಿ, ದಳ್ಳಾಳಿ ಬತ್ತಾನೆ. ನೀನಿರೋಗಂಟ ಸರಿ, ನೀನ್ ಓದ್ ಮೇಲೆ? ದಿನಾ ಬಸ್ಸಿನ್ ಮುಂದೆ ನಿಂತ್ಕಂಡು ನಾನೂ ಮನುಸಿ ಕಣಪ್ಪ ಅಂತ ಕೂಗ್ಲಾ?"

ನಾನು ಚಿತ್ರಗಳ ವಿಷಯ ಹೇಳಿದೆ. ಹೊರೆ ಹೊತ್ತವರು ತುಂಬಾ ಜನ ಬೇಕು, ಅಷ್ಟು ಜನರನ್ನು ನಾನು ಎಲ್ಲಿಂದ ತರಲಿ, ನನಗೆ ಈ ಊರಿನಲ್ಲಿ ಯಾರೂ ಗೊತ್ತಿಲ್ಲ ಎಂದೆ. ಹೇಳುತ್ತಾ ನನಗೆ ನಾಚಿಕೆಯಾಯಿತು.

ಸಾಕಮ್ಮ ನನ್ನನ್ನೇ ನೋಡಿದಳು. "ಯಾರ್ನಾರ ಕೇಳ್ದ್ಯಾ?"

"ಇಲ್ಲ."

"ಮತ್ತೆ? ಹೊರೆ ಮುಂದೆ ಮಡಿಕಂಡು ಸುಮ್ಕೆ ನಿಂತ್ರೆ ಯಾರ್ ಬಂದು ಎತ್ಸಾರು? ಕೂಗ್ಬೇಕು ಕಣವ್ವ. ಕೂಗುದ್ರೆ ಬತ್ತಾರೆ." ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಂತು ನಿಜಕ್ಕೂ ಕೂಗಿಯೇಬಿಟ್ಟಳು.

ಆ ಭಾನುವಾರ ಬೆಳಿಗ್ಗೆ ನಾನು ಪರದೆಯ ಮುಂದೆ ಕೂತವಳು ಬಾಯಿ ಬಿಟ್ಟುಕೊಂಡು ನೋಡಿದೆ. ಊರಿನ ಹೆಂಗಸರೆಲ್ಲ ಬಂದಿದ್ದರು. ಹಸಿಹುಲ್ಲು, ಜೋಳದ ಕಡ್ಡಿ, ಭತ್ತದ ಹುಲ್ಲು, ಸೌದೆ, ಸೊಪ್ಪು ಮುರಿದ ಮೇಲಿನ ಹೊಗೆಸೊಪ್ಪಿನ ಕಡ್ಡಿ, ಯಾವುದು ಸಿಕ್ಕಿತೋ ಅದನ್ನು ತಲೆಗೇರಿಸಿದ್ದರು. ಒಬ್ಬಳು ಹೊರಲು ಏನೂ ಸಿಗದೆ ಹಾಸಿಗೆ ಸುರುಳಿ ಹೊತ್ತು ತಂದಿದ್ದಳು. ಸಾಕಮ್ಮ ಹೇಳಿ ಕಳಿಸಿದ್ದಕ್ಕೆ ಶಿವಣ್ಣ ರಜೆಯ ದಿನ ಕೆ.ಆರ್. ನಗರದಿಂದ ಯೂನಿಫಾರಂ ಹಾಕಿಕೊಂಡೇ ಬಂದ. ಅವನು ಪೀಪಿ ಊದಿ ಗಾಡಿ ನಿಲ್ಲಿಸುವುದು, ಇವರು ಸಾಲಾಗಿ ದಾಟುವುದು, ಆಮೇಲೆ ಒಬ್ಬೊಬ್ಬರಾಗಿ, ಆಮೇಲೆ ವಾಪಸು. ಬಿಸಿಲು ಬಂದಾಗ ಒಂದು ಸಲ, ಮಳೆ ಹನಿದಾಗ ಒಂದು ಸಲ. "ಸಿನ್ಮಾ ತಗೀತಾವ್ರೆ ಕಣ್ಲಾ," ಎಂದು ಬಸ್ಸಿನವರು ಕಿಟಕಿಯಿಂದ ಕೂಗುತ್ತಿದ್ದರು.

ಸ್ವಲ್ಪ ಹೊತ್ತಿಗೆ ಸಾಕಮ್ಮ ಮಹಡಿಯ ಕಡೆ ಮುಖ ಮಾಡಿ, "ಮೇಲ್ ಕೂತ್ಕಂಡು ಏನ್ ನೋಡೀಯೆ? ಎತ್ಸೋರು ಸಾಲ್ದು, ಇಳ್ದ್ ಬಾ!" ಎಂದಳು. ಇಳಿದು ಹೋದೆ. ಮಧ್ಯಾಹ್ನದವರೆಗೂ ಹೊರೆ ಎತ್ತಿಸಿದೆ. ತೋಳೆಲ್ಲ ಗೀರು, ಜಡೆಯಲ್ಲಿ ಹುಲ್ಲು. ಯಾರೋ ನನ್ನ ಬಾಯಿಗೆ ಎಲೆ ಅಡಿಕೆ ಇಟ್ಟರು, ಯಾರೋ ಮದುವೆ ಆಗಿದೆಯಾ ಎಂದು ಕೇಳಿದರು. ಆಗಿತ್ತು, ಈಗ ಇಲ್ಲ ಎಂದೆ. "ಓಗ್ಲಿ ಬುಡು, ತಳುಕ್ ಕೈ ಹಾಕು," ಎಂದಳು ಕೇಳಿದವಳು. ಆ ಉತ್ತರಕ್ಕೆ ಅಷ್ಟು ಚೆನ್ನಾಗಿ ಯಾರೂ ಸಮಾಧಾನ ಹೇಳಿರಲಿಲ್ಲ.

ಆಮೇಲೆ ದಿನಗಟ್ಟಲೆ ನಾನು ಚೌಕ ಎಳೆದೆ. ಪ್ರತಿ ಹೊರೆಯ ಸುತ್ತ, ಕೆಳಗಿನ ಕಾಲುಗಳನ್ನೂ ಸೇರಿಸಿ ಚೌಕ, ಪಕ್ಕದಲ್ಲಿ "ಮನುಷ್ಯರು" ಎಂದು ಹೆಸರು. ಹಾಸಿಗೆ ಸುರುಳಿಗೂ ಬರೆದೆ. ದಳ್ಳಾಳಿಗೆ ಸಾಕಮ್ಮ ದೀಪಾವಳಿವರೆಗೆ ತಡಿ ಎಂದಿದ್ದಳು. ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇದೆ ಅನ್ನುವಾಗ ಬೆಂಗಳೂರಿನಿಂದ ಹೊಸ ಪಾಠ ಬಂತು.

ಆ ಸಂಜೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ, ಅಭ್ಯಾಸಬಲದಿಂದ ಗುಂಡಿ ಒತ್ತಿಬಿಟ್ಟೇನು ಎಂದು. ಸಾಕಮ್ಮ ಬಂದು ನಿಂತಳು. ಲಾರಿ ಹೋಯಿತು. ಕಾರು ಹೋಯಿತು. ಹೊರೆಯ ಸುತ್ತ ಏನೂ ಇಲ್ಲ. ಗಾಳಿಗೆ ಹುಲ್ಲು ಅಲ್ಲಾಡಿತು, ಆಗಲೂ ಇಲ್ಲ. ನನ್ನ ಕೈ ಗುಂಡಿಯ ಕಡೆ ಹೋಯಿತು. ಅಷ್ಟರಲ್ಲಿ ತೆಳ್ಳಗೆ ಒಂದು ಚೌಕ ಮೂಡಿತು, ಹೊರೆಯ ತುದಿಯಿಂದ ಅವಳ ಹಿಮ್ಮಡಿಯವರೆಗೆ. ಎಲ್ಲ ಕಡೆ ಕೆಂಪು ಬಿತ್ತು. ಮೈಸೂರಿನ ಬಸ್ಸು, ಮಡಿಕೇರಿಗೆ ಹೊರಟಿದ್ದ ಕಾರುಗಳು, ಮರದ ಲಾರಿ, ಎಲ್ಲ ನಿಂತವು. ಸಾಕಮ್ಮ ದಾಟಿದಳು. ನಾನು ಕುರ್ಚಿಯಿಂದ ಎದ್ದು ಕಿರುಚಿದೆ. ಕಿರುಚಿದ್ದು ಖಾಲಿ ಕೋಣೆಯಲ್ಲಿ. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕಿಟಕಿಗೆ ಹೋಗಿ ಕೈ ಬೀಸಿದೆ. ಹೊರೆ ಹೊತ್ತವರು ಮೇಲೆ ನೋಡಲಾಗುವುದಿಲ್ಲವಲ್ಲ, ಅವಳು ಹಾಗೆಯೇ ಮನೆಯ ಕಡೆ ಹೋದಳು.

ಕೆಲಸ ಮುಗಿದಿತ್ತು. ಇನ್ನು ಆ ಸರ್ಕಲ್ಲಿಗೆ ನಾನು ಬೇಕಾಗಿರಲಿಲ್ಲ. ಅದಕ್ಕೇ ತಾನೇ ಅಷ್ಟು ಪಾಡು ಪಟ್ಟದ್ದು, ಆದರೂ ಪರದೆಗಳನ್ನು ಬಿಚ್ಚಿ ಡಬ್ಬಕ್ಕೆ ತುಂಬುವಾಗ ಸಂಕಟವಾಯಿತು. ಹೊರಡುವ ಬೆಳಿಗ್ಗೆ ಸಾಕಮ್ಮನ ಮನೆಗೆ ಹೋದೆ, ಬಾಗಿಲು ಹಾಕಿತ್ತು. ಕೊಟ್ಟಿಗೆಯಲ್ಲಿ ಹಸು ಹಸಿಹುಲ್ಲು ಮೇಯುತ್ತಿತ್ತು. ಅದರ ಕತ್ತು ತುರಿಸಿ ಬಸ್ಸು ಹತ್ತಿದೆ. ಮೈಸೂರಿಗೂ ಹುಣಸೂರಿಗೂ ಏನು ಮಹಾ ದೂರ? ಆದರೂ ಆಮೇಲೆ ಒಮ್ಮೆಯೂ ಹೋಗಲಿಲ್ಲ. ಯಾರಾದರೂ ಬರಹೇಳಲಿ ಎಂದು ಕಾದೆನೇನೋ, ಗೊತ್ತಿಲ್ಲ.

ಬಸ್ಸಿಗೆ ಹಸಿರು ಬಿತ್ತು. ಹಸಿರು ಗುಡ್ಡೆ ಆಗಲೇ ಊರಿನ ದಾರಿ ಹಿಡಿದಿತ್ತು. ಬಸ್ಸು ಹೊರಟಿತು. ನಾನು ಎದ್ದು ನಿಂತು ಕೂಗಿದೆ, "ವಸಿ ನಿಲ್ಸಿ, ಇಳೀತೀನಿ!"

"ಇಲ್ಲಿ ಸ್ಟಾಪಿಲ್ಲ ಕಣಮ್ಮ," ಎಂದ ಕಂಡಕ್ಟರ್.

"ಗೊತ್ತು ಕಣಪ್ಪ. ಆದ್ರೂ ನಿಲ್ಸಿ."

ಗೊಣಗಿಕೊಂಡೇ ಸೀಟಿ ಹೊಡೆದ. ಇಳಿದು, ಮದುವೆಮನೆಯ ತಾಂಬೂಲದ ಚೀಲ ಹಿಡಿದುಕೊಂಡು ಹಿಂದಕ್ಕೆ ನಡೆದು ದಾಟುವ ಪಟ್ಟೆಯ ಹತ್ತಿರ ನಿಂತೆ. ನನ್ನ ಜೊತೆ ಯಾರೂ ಇರಲಿಲ್ಲ. ಗೊಬ್ಬರದಂಗಡಿಯ ಮಹಡಿಯ ಕಿಟಕಿ ಮುಚ್ಚಿತ್ತು. ಕಂಬದ ಮೇಲಿನ ಕ್ಯಾಮೆರಾ ನನ್ನನ್ನು ನೋಡಿತು. ಕೆಂಪು ಬಿತ್ತು, ಇಷ್ಟುದ್ದಕ್ಕೆ ಗಾಡಿಗಳು ನಿಂತವು, ನಾನೊಬ್ಬಳೇ ದಾಟಿದೆ. ಆಮೇಲೆ ಓಡಿದೆ.

ಹೊರೆ ಹೊತ್ತವರನ್ನು ಮಾತಿಗೆ ನಿಲ್ಲಿಸಬಾರದು ಎಂದು ಗೊತ್ತಿದ್ದೂ, "ಸಾಕವ್ವಾ," ಎಂದು ಕೂಗಿದೆ.

ಹೊರೆ ನಿಂತಿತು. ಹೊರೆ ಇದ್ದಾಗ ಕತ್ತು ತಿರುಗುವುದಿಲ್ಲ, ಇಡೀ ಮೈ ತಿರುಗಬೇಕು. ನಿಧಾನಕ್ಕೆ ತಿರುಗಿತು. "ಯಾರವ್ವ ಅದು? ಮುಂದುಕ್ ಬಾ, ಕಾಣಾಕಿಲ್ಲ."

ನಾನು ಬಗ್ಗಿ, ಇಳಿಬಿದ್ದ ಹುಲ್ಲಿನ ಕೆಳಗಿನಿಂದ ಅವಳ ಮುಖ ನೋಡಿದೆ. ಹುಬ್ಬು ಬೆಳ್ಳಗಾಗಿತ್ತು. ಅವಳೂ ನೋಡಿದಳು.

"ಗುಂಡಿ ಒತ್ತೋಳು," ಎಂದಳು. "ಇಷ್ಟ್ ವರ್ಸ ಎಲ್ಲಿಗ್ ಓಗಿದ್ದೆ? ಬಾ, ಇಳ್ಸು ಹೊರೆಯ."

"ಬೇಡ ಸಾಕವ್ವ, ನಡುದಾರೀಲಿ ಇಳಿಸಬಾರದು. ಮನೆವರೆಗೂ ಜೊತೇಲೇ ಬರ್ತೀನಿ."

"ಇಳ್ಸು ಅಂದ್ರೆ ಇಳ್ಸು ಕಣವ್ವ," ಎಂದಳು. "ಎತ್ಸಾಕೆ ನೀನಿದ್ದೀಯಲ್ಲ."